ಬೆವರು ಆರದ ಊರಿಗೆ ರಜೆಗೆ ಬರುವಾಗ

ಮಕ್ಕಳ ಪರೀಕ್ಷೆ ಮುಗಿಯಿತೆಂದರೆ ನಮ್ಮ ಬಂಟ್ವಾಳದ ಕಡೆಯ ಮನೆಗಳಲ್ಲಿ ಒಂದು ಲೆಕ್ಕಾಚಾರ ಶುರುವಾಗುತ್ತದೆ. ಯಾರ್ಯಾರು ಬರುತ್ತಾರೆ, ಎಷ್ಟು ದಿನ ಇರುತ್ತಾರೆ, ಹಾಸಿಗೆ ಸಾಕಾ, ಕುಚ್ಚಲಕ್ಕಿ ಎಷ್ಟು ತರಿಸಬೇಕು, ಹಲಸಿನ ಹಪ್ಪಳ ಎಷ್ಟು ಒತ್ತಬೇಕು! ಬಿಸು ಹಬ್ಬದಿಂದ ಪತ್ತನಾಜೆಯ ತನಕ, ಅಂದರೆ ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ, ಒಂದು ಕಡೆ ಜಾತ್ರೆ, ಕೋಲ, ಯಕ್ಷಗಾನ, ಇನ್ನೊಂದು ಕಡೆ ಮದುವೆ, ಮುಂಜಿ, ಗೃಹಪ್ರವೇಶ. ಬೆಂಗಳೂರು, ಮೈಸೂರು, ಮುಂಬಯಿ ಸೇರಿದ ನಮ್ಮವರೆಲ್ಲ ಊರಿಗೆ ಬರುವ ಕಾಲ ಇದೇ. ಬಂದವರು ಮನೆಯಲ್ಲಿ ಸುಮ್ಮನೆ ಕೂರುತ್ತಾರೆಯೇ? ಮೂಡಬಿದಿರೆಯ ಸಾವಿರ ಕಂಬದ ಬಸದಿ ನೋಡಬೇಕು, ಧರ್ಮಸ್ಥಳಕ್ಕೆ ಹೋಗಬೇಕು, ಕಾರಿಂಜ ಹತ್ತಬೇಕು. ವರ್ಷದಲ್ಲಿ ಅತಿ ಹೆಚ್ಚು ಸೆಕೆಯ ತಿಂಗಳಲ್ಲೇ ಈ ತಿರುಗಾಟವೆಲ್ಲ!

ಈ ಸಲ ನಾನು ಬರೆಯಹೊರಟದ್ದು ಹಪ್ಪಳದ ವಿಷಯವಲ್ಲ. ಈ ತಿರುಗಾಟದಲ್ಲಿ ಸೆಕೆ ನಮ್ಮನ್ನು, ಅದರಲ್ಲೂ ಹೆಂಗಸರನ್ನು, ಹೇಗೆ ಕಣ್ಣು ತಪ್ಪಿಸಿ ಹಿಡಿಯುತ್ತದೆ ಎಂಬ ವಿಷಯ. ಪುಸ್ತಕ ಓದಿ ಕಲಿತದ್ದಲ್ಲ, ೨೦೨೪ರ ಮೇ ತಿಂಗಳಲ್ಲಿ ನನ್ನ ನಾದಿನಿಯನ್ನು ಮಡಿಲಲ್ಲಿ ಮಲಗಿಸಿಕೊಂಡು ಕಲಿತದ್ದು.

ನಾದಿನಿ ಹುಟ್ಟಿ ಬೆಳೆದದ್ದು ಇದೇ ಮನೆಯಲ್ಲಿ. ಮದುವೆಯಾಗಿ ಮೈಸೂರು ಸೇರಿ ಹದಿನೆಂಟು ವರ್ಷ. ಆ ವರ್ಷ ಫೆಬ್ರವರಿ ಕೊನೆಯಲ್ಲಿ ವೇಣೂರಿನ ಬಾಹುಬಲಿಗೆ ಮಹಾಮಸ್ತಕಾಭಿಷೇಕ ನಡೆದಿತ್ತು. ಹನ್ನೆರಡು ವರ್ಷಕ್ಕೊಮ್ಮೆ ಆಗುವಂಥದ್ದು. ಮಕ್ಕಳಿಗೆ ಪರೀಕ್ಷೆ ಎಂದು ಅವಳಿಗೆ ಬರಲಾಗಿರಲಿಲ್ಲ. "ಅಭಿಷೇಕ ತಪ್ಪಿತು, ದರ್ಶನವಾದರೂ ಆಗಲಿ ಅತ್ತಿಗೆ" ಎಂದಳು. ರಾತ್ರಿ ಬಸ್ಸಿನಲ್ಲಿ ಮಡಿಕೇರಿ ದಾರಿಯಾಗಿ ಬಂದು ಇಳಿದವಳು ಮರುದಿನವೇ ಹೊರಡಬೇಕೆಂದು ಹಟ. ಒಂದೇ ದಿನದಲ್ಲಿ ಮೂಡಬಿದಿರೆ, ವೇಣೂರು, ಧರ್ಮಸ್ಥಳ ಮೂರೂ ಮುಗಿಸುವ ಯೋಚನೆ. "ಇಷ್ಟು ಬಿಸಿಲಿಗೆ ಬೇಡ ಮಾರಾಯ್ತಿ, ಎರಡು ದಿನ ಕಳೆಯಲಿ" ಎಂದೆ. "ನಾನು ಇಲ್ಲಿಯವಳೇ ಅಲ್ವಾ? ಸೆಕೆ ನನಗೆ ಹೊಸತಾ?" ಎಂದು ನಕ್ಕಳು. ನಾನೂ ಸುಮ್ಮನಾದೆ. ಮನೆ ಮಗಳಲ್ಲವೇ, ಹೆಚ್ಚು ಹೇಳಿದರೆ ಅತ್ತಿಗೆಗೆ ಕರಕೊಂಡು ಹೋಗಲು ಮನಸ್ಸಿಲ್ಲ ಎಂದಾಗುತ್ತದೆ.

ಏಳಕ್ಕೆ ಹೊರಡುವುದೆಂದು ಮಾತಾಗಿತ್ತು. ನೀರುದೋಸೆ ಎರೆದು, ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆದು, ಇಬ್ಬರು ಹೆಂಗಸರು ಸ್ನಾನ ಮುಗಿಸಿ ಸೀರೆ ಉಡುವಾಗ ಒಂಬತ್ತೂವರೆ. ಸಿದ್ಧಕಟ್ಟೆ ದಾರಿಯಲ್ಲಿ ಮೂಡಬಿದಿರೆ ತಲುಪುವಾಗ ಹನ್ನೊಂದು ಹತ್ತಿರ. ಬಸದಿಯ ಒಳಗೆ ಕಂಬಗಳ ನಡುವೆ ತಂಪಾಗಿಯೇ ಇತ್ತು. ಅಂಗಳದ ಕಲ್ಲು ಮಾತ್ರ ಕಾದ ಕಾವಲಿ! ಬರಿಗಾಲಲ್ಲಿ ಮಕ್ಕಳು ಕುಪ್ಪಳಿಸುತ್ತ ಓಡಿದರು. ನಾದಿನಿ ಚಿಕ್ಕವನನ್ನು ಸೊಂಟದ ಮೇಲೆತ್ತಿಕೊಂಡು, ಕೊಡೆಯನ್ನು ದೊಡ್ಡವಳಿಗೆ ಹಿಡಿದು ದಾಟಿಸಿದಳು. ತನ್ನ ನೆತ್ತಿ ಮೇಲೆ ಸೆರಗು ಅಷ್ಟೇ. ಊಟ ಮುಗಿಸಿ ವೇಣೂರಿಗೆ ಬಂದಾಗ ಎರಡೂಮುಕ್ಕಾಲು. ಅಲ್ಲಿ "ತಲೆ ಸಿಡೀತಾ ಇದೆ" ಎಂದಳು. ನಾನು ಮಾಡಿದ್ದೇನು ಗೊತ್ತೇ? ಒಂದು ತಲೆನೋವಿನ ಮಾತ್ರೆ ನುಂಗಿಸಿ ಬಿಸಿ ಚಹಾ ಕುಡಿಸಿದ್ದು!

ಗುರುವಾಯನಕೆರೆ ಹತ್ತಿರ ಬರುವಾಗ ಅವಳು ಕಿಟಕಿಗೆ ತಲೆ ಆನಿಸಿಕೊಂಡಿದ್ದಳು. ಮೈ ಮುಟ್ಟಿದರೆ ಬೆಂಕಿ. ಬೆವರು ಮಾತ್ರ ಧಾರೆಯಾಗಿ ಇಳಿಯುತ್ತಿತ್ತು. "ಹೇಗುಂಟು ಈಗ?" ಎಂದು ಕೇಳಿದೆ. ಕಣ್ಣು ಅರೆ ತೆರೆದು, "ನಂಜನಗೂಡು ಬಂತಾ?" ಎಂದಳು.

ನನ್ನ ಎದೆ ಧಸಕ್ಕೆಂದಿತು. ಮುಂದೆ ಕೂತಿದ್ದ ನಮ್ಮವರು "ನಿದ್ದೆಗಣ್ಣು, ಧರ್ಮಸ್ಥಳ ಇನ್ನೇನು ಬಂತು, ಅಲ್ಲಿ ಮಲಗಲಿ" ಎಂದರು. ಮಗಳನ್ನು ತೋರಿಸಿ "ಇವಳು ಯಾರು?" ಎಂದು ಕೇಳಿದೆ. ನಾದಿನಿ ತನ್ನ ಅಕ್ಕನ ಹೆಸರು ಹೇಳಿದಳು! ನಾನು ಕಾರು ನಿಲ್ಲಿಸಿಯೇ ಬಿಟ್ಟೆ.

ರಸ್ತೆ ಬದಿಗೆ ಒಂದು ಹಂಚಿನ ಮನೆ, ಅಂಗಳದಲ್ಲಿ ಬಾವಿ. ಮನೆಯ ಅಜ್ಜಿ ಯಾರು, ಎಲ್ಲಿಯವರು ಎಂದು ಒಂದು ಮಾತು ಕೇಳಲಿಲ್ಲ. ಜಗಲಿಯ ನೆರಳಿನಲ್ಲಿ ಮಲಗಿಸಿದೆವು. ಅವರ ಸೊಸೆ ಬಾವಿಯಿಂದ ನೀರೆಳೆದು ಕೊಡಪಾನ ಕೊಡಪಾನವಾಗಿ ತಂದುಕೊಟ್ಟಳು. ಸೀರೆಯ ಮೇಲೇ ತಲೆಯಿಂದ ಕಾಲಿನವರೆಗೆ ಹೊಯ್ದೆವು. ಅಜ್ಜಿ ಅಡಿಕೆ ಹಾಳೆಯ ಬೀಸಣಿಗೆ ಹಿಡಿದು ಬಿಡದೆ ಬೀಸಿದರು. ಅಷ್ಟರಲ್ಲಿ ನಮ್ಮವರು ಆಸ್ಪತ್ರೆಗೆ ಫೋನು ಮಾಡಿ ಬರುತ್ತಿದ್ದೇವೆಂದು ತಿಳಿಸಿದರು. ಹದಿನೈದು ಇಪ್ಪತ್ತು ನಿಮಿಷ ಆಗಿರಬೇಕು, "ಅತ್ತಿಗೆ, ಯಾಕೆ ನೀರು ಹಾಕ್ತಾ ಇದ್ದೀರಿ?" ಎಂದಳು. ನನಗೆ ಅಳುವೇ ಬಂತು. ಒದ್ದೆ ಬೈರಾಸು ಸುತ್ತಿ ಬೆಳ್ತಂಗಡಿಯ ಆಸ್ಪತ್ರೆಗೆ ಕರೆದೊಯ್ದೆವು. ಅಷ್ಟು ನೀರು ಹೊಯ್ದ ಮೇಲೂ ಜ್ವರದ ಕಡ್ಡಿ ೧೦೩ ಡಿಗ್ರಿ ತೋರಿಸಿತು. "ಮೊದಲು ತಂಪು ಮಾಡಿದಿರಲ್ಲ, ಅದರಿಂದ ಉಳಿದರು" ಎಂದರು ಡಾಕ್ಟರು. ಆಮೇಲೆ ಅವಳನ್ನು ಒಂದು ಪ್ರಶ್ನೆ ಕೇಳಿದರು: "ಇವತ್ತು ಎಷ್ಟು ಸಲ ಮೂತ್ರಕ್ಕೆ ಹೋಗಿದ್ದೀರಿ ಅಮ್ಮ?"

"ಬೆಳಿಗ್ಗೆ ಮನೆಯಿಂದ ಹೊರಡುವಾಗ."

ಆಗ ಸಂಜೆ ನಾಲ್ಕೂವರೆ.

ನೀರು ಕುಡಿಯದ ನಾವು

ಪ್ರಯಾಣದಲ್ಲಿ ನೀರು ಕುಡಿಯದೆ ಇರುವುದು ನಮ್ಮ ಹೆಂಗಸರಿಗೆ ಎಷ್ಟು ಅಭ್ಯಾಸವಾಗಿ ಹೋಗಿದೆ ಎಂದರೆ, ಅದೊಂದು ತಪ್ಪೆಂದೇ ಹೊಳೆಯುವುದಿಲ್ಲ. ಹೊರಡುವ ಗಂಟೆ ಮೊದಲೇ ಲೋಟ ಕೆಳಗಿಡುತ್ತೇವೆ. ದಾರಿಯಲ್ಲಿ ಬಾಟಲಿ ಕೈಗೆ ಬಂದರೆ ತುಟಿ ಒದ್ದೆ ಮಾಡಿ ಮಕ್ಕಳಿಗೆ ದಾಟಿಸುತ್ತೇವೆ. ಗಂಡಸರ ಹಾಗೆ ಎಲ್ಲೆಂದರಲ್ಲಿ ನಿಲ್ಲಲು ನಮಗೆ ಆಗುತ್ತದೆಯೇ? ಕೊಳಕು ಶೌಚಾಲಯಕ್ಕೆ ಹೋಗುವುದಕ್ಕಿಂತ ಕಟ್ಟಿಕೊಂಡು ಕೂರುವುದೇ ಮೇಲು ಅನಿಸುತ್ತದೆ. ನಾದಿನಿ ಅಂದು ಬೆಳಿಗ್ಗೆಯಿಂದ ಕುಡಿದದ್ದು ಎರಡು ಲೋಟ ಕಾಫಿ, ಊಟದ ಹೊತ್ತಿಗೆ ಒಂದು ಲೋಟ ನೀರು, ಮತ್ತು ನನ್ನ ಆ ಘನಂದಾರಿ ಚಹಾ.

ಆದ್ದರಿಂದ ಪ್ರವಾಸದ ದಾರಿ ಗೊತ್ತುಮಾಡುವಾಗ ಊಟದ ಜಾಗ ಹುಡುಕುವ ಹಾಗೆಯೇ ಶೌಚದ ಜಾಗವನ್ನೂ ಗೊತ್ತುಮಾಡಿಕೊಳ್ಳಿ. ಬಸ್‌ಸ್ಟ್ಯಾಂಡು, ಊಟದ ಹೋಟೆಲು, ಪೆಟ್ರೋಲ್ ಬಂಕು, ಎರಡು ಗಂಟೆಗೊಂದು ಇಂಥ ಜಾಗ ನಿಮ್ಮ ದಾರಿಯಲ್ಲಿರಲಿ. ಬಂಕಿನಲ್ಲಿ ಕೇಳಲು ಸಂಕೋಚ ಬೇಡ. ಬೀಗ ಹಾಕಿದ್ದರೆ ಕೀಲಿ ಕೇಳಿ. ಕಾರು ಓಡಿಸುವವರಿಗೆ ಮೊದಲೇ ಹೇಳಿಬಿಡಿ, "ಎರಡು ಗಂಟೆಗೊಮ್ಮೆ ನಿಲ್ಲಿಸಬೇಕು" ಅಂತ. ಪ್ರತಿ ಸಲ ಬೇಡಿಕೊಳ್ಳುವ ಕಷ್ಟ ಇರುವುದಿಲ್ಲ. ಈಗ ನಮ್ಮ ಮನೆಯಲ್ಲಿ ಹಾಗೆ. ನಮ್ಮವರು ಮೊದಮೊದಲು ಗೊಣಗಿದರು. ನಂಜನಗೂಡಿನ ನೆನಪು ಮಾಡಿದೆ, ಸುಮ್ಮನಾದರು!

ಎಷ್ಟು ನೀರು ಕುಡಿಯಬೇಕು ಎಂದು ಕೇಳಿದರೆ ಎಲ್ಲರಿಗೂ ಒಂದೇ ಲೆಕ್ಕವಿಲ್ಲ. ಬಿಸಿಲಿನಲ್ಲಿ ತಿರುಗುವಾಗ ಕಾಲು ಗಂಟೆ ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕಾರು ಗುಟುಕು, ಬಾಯಾರಿಕೆಗೆ ಕಾಯದೆ. ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು ಮೂತ್ರದ ಬಣ್ಣವೇ ಸಾಕ್ಷಿ. ತೆಳು ಹಳದಿ ಇದ್ದರೆ ಸರಿ. ಗಾಢ ಹಳದಿಯಾದರೆ, ಅಥವಾ ನಾಲ್ಕೈದು ಗಂಟೆ ಹೋಗಲೇ ಬೇಕೆನಿಸದಿದ್ದರೆ, ಮೈಯಲ್ಲಿ ನೀರು ಇಳಿದಿದೆ ಎಂದರ್ಥ.

ಹೂಜಿಯ ಗುಟ್ಟು

ಘಟ್ಟದ ಮೇಲಿನವರು ಇಲ್ಲಿಗೆ ಬಂದು ಕೇಳುವ ಮಾತೊಂದಿದೆ: "ಬಳ್ಳಾರಿ, ರಾಯಚೂರಿನಲ್ಲಿ ೪೨ ಡಿಗ್ರಿ. ನಿಮ್ಮದು ಬರೀ ೩೫. ಇದಕ್ಕೆಂಥ ಗಲಾಟೆ?" ಇದಕ್ಕೆ ಉತ್ತರ ನಿಮ್ಮ ಅಡುಗೆಮನೆಯ ಮಣ್ಣಿನ ಹೂಜಿಯಲ್ಲಿದೆ. ಹೂಜಿಯ ನೀರು ತಂಪಾಗುವುದು ಏಕೆ? ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಹೊರಗೆ ಜಿನುಗಿ, ಗಾಳಿಗೆ ಆರುವಾಗ ಒಳಗಿನ ಬಿಸಿಯನ್ನು ಕೊಂಡೊಯ್ಯುತ್ತದೆ. ನಮ್ಮ ಮೈಯೂ ಹೀಗೇ. ಬೆವರು ಬಂದರೆ ಸಾಲದು, ಆ ಬೆವರು ಆರಬೇಕು. ಒಣ ಹವೆಯ ಊರಿನಲ್ಲಿ ಬೆವರು ಬಂದದ್ದೇ ತಿಳಿಯದಂತೆ ಆರಿಹೋಗುತ್ತದೆ. ನಮ್ಮ ಕರಾವಳಿಯಲ್ಲಿ ಸಮುದ್ರದಿಂದ ಬಂದ ಗಾಳಿಯೇ ತೇವ. ಅದಕ್ಕೆ ಇನ್ನಷ್ಟು ನೀರು ಹೀರುವ ಶಕ್ತಿ ಇಲ್ಲ. ಬೆವರು ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ, ಮೈ ಮಾತ್ರ ತಣಿಯುವುದಿಲ್ಲ. ನೀರೂ ಹೋಯಿತು, ಉಪ್ಪೂ ಹೋಯಿತು, ಬಿಸಿ ಒಳಗೇ ಉಳಿಯಿತು!

ಹವಾಮಾನ ಇಲಾಖೆಯವರೂ ಇದನ್ನು ಲೆಕ್ಕಕ್ಕೆ ಹಿಡಿದಿದ್ದಾರೆ. ಬಯಲುಸೀಮೆಯಲ್ಲಿ ಬಿಸಿಗಾಳಿ ಎನ್ನುವ ಮಾತು ಬರುವುದು ಉಷ್ಣತೆ ೪೦ ಡಿಗ್ರಿ ಮುಟ್ಟಿದ ಮೇಲೆ. ಕರಾವಳಿಗೆ ೩೭ ಡಿಗ್ರಿ ಸಾಕು, ಅದು ಆ ದಿನಗಳ ಮಾಮೂಲು ಉಷ್ಣತೆಗಿಂತ ನಾಲ್ಕೂವರೆ ಡಿಗ್ರಿಯಷ್ಟು ಹೆಚ್ಚಾಗಿದ್ದರೆ. ೨೦೨೫ರಲ್ಲಿ ಫೆಬ್ರವರಿ ಕೊನೆಯಲ್ಲೇ ನಮ್ಮ ಕರಾವಳಿಗೆ ಬಿಸಿಗಾಳಿಯ ಎಚ್ಚರಿಕೆ ಬಂದಿತ್ತು. ಶಿವರಾತ್ರಿಯೂ ಕಳೆದಿರಲಿಲ್ಲ ಆಗ!

ಇನ್ನೊಂದು ಮಾತು ಡಾಕ್ಟರು ಹೇಳಿದ್ದು, ತವರಿಗೆ ಬರುವ ಹೆಣ್ಣುಮಕ್ಕಳೆಲ್ಲ ಕೇಳಬೇಕಾದ್ದು. ಸೆಕೆಗೆ ಮೈ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಹಾಗೆ ಒಗ್ಗಿದ್ದು ಊರು ಬಿಟ್ಟ ಕೆಲವೇ ವಾರದಲ್ಲಿ ಹೋಗಿಬಿಡುತ್ತದೆ. ಹುಟ್ಟಿದ ಊರು ಎಂದು ಮನಸ್ಸಿಗೆ ನೆನಪಿರುತ್ತದೆ, ಮೈಗೆ ಇರುವುದಿಲ್ಲ. ಹದಿನೆಂಟು ವರ್ಷ ಮೈಸೂರಿನಲ್ಲಿದ್ದ ನಾದಿನಿಯ ಮೈಗೆ ನಮ್ಮ ಮೇ ತಿಂಗಳು ಯಾವ ಪ್ರವಾಸಿಗೂ ಎಷ್ಟು ಹೊಸತೋ ಅಷ್ಟೇ ಹೊಸತು. ಆದರೆ ಪ್ರವಾಸಿಗಳನ್ನಾದರೂ "ಪಾಪ, ಸೆಕೆ ಆಗ್ತದಾ?" ಎಂದು ವಿಚಾರಿಸುತ್ತೇವೆ. ಮನೆ ಮಗಳನ್ನು ಯಾರು ಕೇಳುತ್ತಾರೆ? ಬಂದವಳೇ ಅಡುಗೆಮನೆ ಸೇರಿ ಒಲೆಯ ಮುಂದೆ ನಿಲ್ಲುತ್ತಾಳೆ. ರಾತ್ರಿ ಪ್ರಯಾಣ ಮಾಡಿ ನಿದ್ದೆ ಇಲ್ಲ ಬೇರೆ.

ಬಂದ ಮೊದಲೆರಡು ದಿನ ದೂರದ ತಿರುಗಾಟ ಇಟ್ಟುಕೊಳ್ಳಬೇಡಿ. ಮನೆ, ತೋಟ, ಸಂಜೆ ಹೊತ್ತು ನೆಂಟರ ಮನೆ, ಅಷ್ಟು ಸಾಕು. ವಯಸ್ಸಾದವರು, ಬಸುರಿಯರು, ಚಿಕ್ಕ ಮಕ್ಕಳು ಜತೆಗಿದ್ದರೆ ಇನ್ನೂ ನಿಧಾನ. ರಕ್ತದೊತ್ತಡಕ್ಕೆ, ಹೃದಯಕ್ಕೆ ಮಾತ್ರೆ ತಿನ್ನುವವರು ಹೊರಡುವ ಮೊದಲು ಡಾಕ್ಟರನ್ನು ಕೇಳಿ ಬನ್ನಿ. ಅವುಗಳಲ್ಲಿ ಕೆಲವು ಮೂತ್ರ ಹೆಚ್ಚು ಮಾಡುವ ಮಾತ್ರೆಗಳು, ಮೈಯ ನೀರನ್ನು ಮೊದಲೇ ಇಳಿಸುತ್ತವೆ. ನೀವಾಗಿಯೇ ನಿಲ್ಲಿಸಬೇಡಿ, ಕೇಳಿ ಅಷ್ಟೇ. ಆರು ತಿಂಗಳೊಳಗಿನ ಕೂಸಿಗೆ ನೀರು ಕುಡಿಸಬಾರದು, ಮತ್ತೆ ಮತ್ತೆ ಎದೆಹಾಲು ಕೊಡಿ. ಹಾಲೂಡಿಸುವ ತಾಯಿ ಅಷ್ಟು ಹೆಚ್ಚು ಕುಡಿಯಬೇಕು.

ಯಾವ ಹೊತ್ತಿಗೆ ಎಲ್ಲಿ

ಈ ಕಡೆಯ ಜಾಗಗಳೆಲ್ಲ ಬರಿಗಾಲಿನವು, ಬಂಡೆಯವು, ಮೆಟ್ಟಿಲಿನವು. ಹಾಗಾಗಿ ಜಾಗಕ್ಕಿಂತ ಹೊತ್ತು ಮುಖ್ಯ. ಬೆಳಿಗ್ಗೆ ಹತ್ತೂವರೆಯೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ಬಯಲಲ್ಲಿರಿ. ನಡುವಿನ ಹೊತ್ತು ಸೂರಿನ ಕೆಳಗೆ.

ಮೂಡಬಿದಿರೆಯ ತ್ರಿಭುವನತಿಲಕ ಚೂಡಾಮಣಿ ಬಸದಿ ೧೪೩೦ರಲ್ಲಿ ಕಟ್ಟಲಾರಂಭಿಸಿದ್ದು. ಮಳೆನಾಡಿಗೆಂದೇ ಇಳಿಜಾರು ಮಾಡು, ಒಳಗೆ ಕತ್ತಲೆ, ದಪ್ಪ ಕಲ್ಲು. ಬಿಸಿಲ ಹೊತ್ತಿಗೆ ಇಂಥ ಕಟ್ಟಡದ ಒಳಗೆ ಕೂರುವಂಥ ಸುಖ ಬೇರೆ ಇಲ್ಲ. ಕಂಬಗಳ ಕೆತ್ತನೆಯೂ ಓಡುತ್ತ ನೋಡುವಂಥದ್ದಲ್ಲ, ಎರಡು ಕಂಬ ಒಂದೇ ತರಹ ಇಲ್ಲ ಎಂಬ ಮಾತಿದೆ. ಕೂತು ನೋಡಿ. ಕಾಯುವುದು ಅಂಗಳ ಮಾತ್ರ. ಬಾಗಿಲು ತೆರೆಯುವ ಹೊತ್ತು ವಿಚಾರಿಸಿಕೊಂಡು ಬೆಳಿಗ್ಗೆ ಮೊದಲಿಗೇ ಹೋದರೆ ಕಾಲು ಸುಡುವುದಿಲ್ಲ.

ವೇಣೂರಿನ ಬಾಹುಬಲಿ, ೧೬೦೪ರಲ್ಲಿ ತಿಮ್ಮಣ್ಣ ಅಜಿಲರು ನಿಲ್ಲಿಸಿದ್ದು, ಬಯಲಲ್ಲಿ ನಿಂತ ಮೂರ್ತಿ. ಧರ್ಮಸ್ಥಳದ ರತ್ನಗಿರಿಯ ಮೇಲಿನ ೩೯ ಅಡಿಯ ಬಾಹುಬಲಿಯೂ ಅಷ್ಟೇ. ಕಾರ್ಕಳದಲ್ಲಿ ಕೆತ್ತಿ ತಂದು ೧೯೮೨ರಲ್ಲಿ ಪ್ರತಿಷ್ಠೆಯಾದದ್ದು. ಇವೆರಡಕ್ಕೂ ಸಂಜೆಯೇ ಸರಿ. ಬಿಸಿಲು ಇಳಿದ ಮೇಲೆ ಮೂರ್ತಿಯ ಮುಖ ನೋಡಲು ಕಣ್ಣು ಕಿರಿದು ಮಾಡಬೇಕಿಲ್ಲ. ಧರ್ಮಸ್ಥಳದಲ್ಲಿ ರಜೆಯ ದಿನ ಸಾಲು ಉದ್ದ ಇರುತ್ತದೆ. ಅಜ್ಜ ಅಜ್ಜಿಯಂದಿರ ಕೈಯಲ್ಲಿ ಒಂದೊಂದು ಪುಟ್ಟ ಬಾಟಲಿ, ಒಂದೊಂದು ಬೀಸಣಿಗೆ ಕೊಟ್ಟು ಸಾಲಿಗೆ ನಿಲ್ಲಿಸಿ. ಬೇಸಿಗೆ ಕೊನೆಗೆ ನೇತ್ರಾವತಿ ಎಷ್ಟು ಇಳಿಯುತ್ತಾಳೆಂದರೆ, ೨೦೧೯ರ ಮೇ ತಿಂಗಳಲ್ಲಿ ನೀರಿಲ್ಲದೆ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರೇ, ಕೆಲವು ದಿನ ಯಾತ್ರೆ ಮುಂದೂಡಿ ಎಂದು ಭಕ್ತರಲ್ಲಿ ಕೇಳಿಕೊಂಡಿದ್ದರು. ಅಂಥ ಸುದ್ದಿ ಪತ್ರಿಕೆಯಲ್ಲಿ ಬಂದರೆ ಹಟ ಮಾಡಬೇಡಿ.

ಕಾರಿಂಜೇಶ್ವರನ ಬೆಟ್ಟ ನಮ್ಮ ಬಂಟ್ವಾಳದ್ದೇ. ಸೂರ್ಯ ಏರುವ ಮೊದಲು ಹತ್ತಿ ಇಳಿದು ಬಿಡಿ. ಅಲ್ಲಿಯ ಕೋತಿಗಳ ಕಣ್ಣು ನಿಮ್ಮ ಕೈಚೀಲದ ಮೇಲೆಯೇ ಇರುತ್ತದೆ, ನೀರಿನ ಬಾಟಲಿಯನ್ನು ಚೀಲದೊಳಗೆ ಭದ್ರವಾಗಿಡಿ. ಬೆಳ್ತಂಗಡಿಯ ಗಡಾಯಿಕಲ್ಲು ಮಾತ್ರ ಏಪ್ರಿಲ್ ಮೇ ತಿಂಗಳಲ್ಲಿ ಸಂಸಾರ ಸಮೇತ ಹತ್ತುವ ಜಾಗ ಅಲ್ಲ ಎಂದೇ ನನ್ನ ಅಭಿಪ್ರಾಯ. ೧೭೯೪ರಲ್ಲಿ ಟಿಪ್ಪು ಸುಲ್ತಾನ ಕೋಟೆ ಕಟ್ಟಿ, ತಾಯಿಯ ಹೆಸರಿನಿಂದ ಜಮಾಲಾಬಾದ್ ಎಂದು ಕರೆದ ಬಂಡೆ ಅದು. ಸಾವಿರದೆಂಟುನೂರಕ್ಕೂ ಮೇಲೆ ಮೆಟ್ಟಿಲು, ನೆರಳು ಕಡಿಮೆ. ಅರಣ್ಯ ಇಲಾಖೆಯವರ ಸುಪರ್ದಿಯಲ್ಲಿದೆ, ಕೆಲವು ಕಾಲ ಬಿಡುವುದೂ ಇಲ್ಲ. ಹುಡುಗರು ಕುಣಿದರೆ "ಡಿಸೆಂಬರಿನಲ್ಲಿ ಬನ್ನಿ" ಎನ್ನಿ.

ಸೀರೆ, ಚೂಡಿದಾರ ಏನೇ ಇರಲಿ, ಹತ್ತಿಯದ್ದಿರಲಿ. ಫೋಟೋಗೆಂದು ಮಕ್ಕಳಿಗೆ ಜೀನ್ಸು, ಜರಿ ಲಂಗ ತೊಡಿಸಿ ಸುಟ್ಟ ಬದನೆಕಾಯಿ ಮಾಡಬೇಡಿ. ಕೊಡೆ ಮಳೆಗಾಲದ್ದೆಂದು ಅಟ್ಟದಲ್ಲಿಡಬೇಡಿ, ಒಬ್ಬರಿಗೊಂದು ತನ್ನಿ. ಒಬ್ಬರಿಗೊಂದು ಎಂದರೆ ಅಮ್ಮನಿಗೂ ಒಂದು!

ಚೀಲದಲ್ಲಿ ಏನಿರಬೇಕು

ನಮ್ಮ ಹಿರಿಯರು ಬಿಸಿಲಲ್ಲಿ ಬಂದವರಿಗೆ ಮೊದಲು ಕೊಡುತ್ತಿದ್ದದ್ದು ಬೆಲ್ಲದ ತುಂಡು, ತಂಬಿಗೆ ನೀರು. ಆಮೇಲೆಯೇ ಕುಶಲ. ಬಿಸಿಲಲ್ಲಿ ನಡೆದು ಬಂದವನಿಗೆ ಎಂಥ ಹದವಾದ ಉಪಚಾರ ಅದು! ಆದರೆ ಬೆವರಿನಲ್ಲಿ ನೀರಿನ ಜತೆ ಉಪ್ಪೂ ಹೋಗುತ್ತದೆ. ಅದಕ್ಕೇ ತೆಳ್ಳಗಿನ ಮಜ್ಜಿಗೆಗೆ ಉಪ್ಪು, ಶುಂಠಿ, ಕರಿಬೇವು. ಅದಕ್ಕೇ ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು. ಬೆಳಿಗ್ಗೆ ಹೊರಡುವ ಮೊದಲು ದೋಸೆಯ ಬದಲು ಗಂಜಿಯೂಟ ಮಾಡಿ ನೋಡಿ. ಕೆಲಸವೂ ಉಳಿಯಿತು, ಬೇಗ ಹೊರಟ ಹಾಗೂ ಆಯಿತು. ನಾನು ಆ ದಿನ ನೀರುದೋಸೆ ಎರೆಯುತ್ತ ಕೂತದ್ದಕ್ಕೇ ಅಲ್ಲವೇ ಎರಡೂವರೆ ಗಂಟೆ ತಡವಾದದ್ದು!

ಪುನರ್ಪುಳಿ ನಮ್ಮ ಕಡೆಯ ಬೇಸಿಗೆಯ ದೊಡ್ಡ ಆಸರೆ. ಹತ್ತು ಹನ್ನೆರಡು ಒಣ ಸಿಪ್ಪೆಯನ್ನು ತೊಳೆದು ಎರಡು ಲೋಟ ನೀರಿನಲ್ಲಿ ಎರಡು ಗಂಟೆ ನೆನೆಹಾಕಿ, ಕೈಯಿಂದ ಹಿಸುಕಿ ಸೋಸಿ. ಇನ್ನೂ ನಾಲ್ಕು ಲೋಟ ನೀರು, ರುಚಿಗೆ ಬೆಲ್ಲ ಅಥವಾ ಸಕ್ಕರೆ, ಚಿಟಿಕೆ ಉಪ್ಪು, ಹುರಿದ ಜೀರಿಗೆಯ ಪುಡಿ ಸ್ವಲ್ಪ ಸೇರಿಸಿದರೆ ಆಯಿತು. ಪ್ರಯಾಣಕ್ಕೆ ಮಜ್ಜಿಗೆಗಿಂತ ಇದು ವಾಸಿ, ಬೇಗ ಹುಳಿ ತಿರುಗುವ ಭಯವಿಲ್ಲ. ದಾರಿಯಲ್ಲಿ ಬೊಂಡ, ಬಚ್ಚಂಗಾಯಿ ಸಿಗುತ್ತದೆ. ಹಣ್ಣು ಹೆಚ್ಚಿಟ್ಟದ್ದು ಬೇಡ, ಕಣ್ಣೆದುರು ಹೆಚ್ಚಿಸಿಕೊಳ್ಳಿ. ಮೂತ್ರಪಿಂಡದ ತೊಂದರೆ ಇರುವವರು ಬೊಂಡ ಕುಡಿಯುವ ಮೊದಲು ಡಾಕ್ಟರನ್ನು ಕೇಳಬೇಕು, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಬುತ್ತಿಗೆ ತೆಂಗಿನಕಾಯಿ ಚಟ್ನಿ ಕಟ್ಟಬೇಡಿ, ಈ ಸೆಕೆಗೆ ಮಧ್ಯಾಹ್ನದೊಳಗೆ ಹಳಸುತ್ತದೆ. ಚಟ್ನಿಪುಡಿ, ಉಪ್ಪಿನಕಾಯಿ ಸಾಕು. ಬಿಸಿಲಲ್ಲಿ ನೀರು ಕಳಕೊಂಡ ಮೈಗೆ ವಾಂತಿ ಭೇದಿಯೂ ಸೇರಿದರೆ ಕಷ್ಟ ಇಮ್ಮಡಿ.

ಔಷಧದಂಗಡಿಯಿಂದ ಓ.ಆರ್.ಎಸ್. ಪುಡಿಯ ನಾಲ್ಕು ಪೊಟ್ಟಣ ತಂದಿಟ್ಟುಕೊಳ್ಳಿ. ೧೯೭೧ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಡ್ರಿಪ್ ಹಾಕುವ ಬಾಟಲಿಗಳೇ ಮುಗಿದಾಗ, ಡಾ. ದಿಲೀಪ್ ಮಹಲನಬೀಸ್ ಎಂಬವರು ಉಪ್ಪು ಸಕ್ಕರೆಯ ಹದವಾದ ನೀರನ್ನು ಕುಡಿಸಿಯೇ ಎಷ್ಟೋ ಜೀವ ಉಳಿಸಿದರು. ಅದೇ ನೀರು ಇದು. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರು ನೀರಿಗೇ ಹಾಕಬೇಕು. ಅರ್ಧ ಪುಡಿ, ಒಂದು ಲೋಟ ನೀರು ಎಂದು ಅಂದಾಜು ಲೆಕ್ಕ ಮಾಡಬಾರದು. ಕಲಸಿದ್ದನ್ನು ೨೪ ಗಂಟೆಯೊಳಗೆ ಮುಗಿಸಿ, ಉಳಿದರೆ ಚೆಲ್ಲಿ. ಪುಡಿ ಇಲ್ಲದಿದ್ದರೆ ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಂಗಡಿಗಳಲ್ಲಿ ರಟ್ಟಿನ ಡಬ್ಬಿಯಲ್ಲಿ ಸಿಹಿ ಸಿಹಿ ಪಾನೀಯವನ್ನು ಓ.ಆರ್.ಎಸ್. ಎಂಬ ಹೆಸರು ಅಂಟಿಸಿ ಮಾರುತ್ತಿದ್ದರು. ಅಂಥ ಹೆಸರು ಹಾಕಬಾರದೆಂದು ೨೦೨೫ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷಾ ಪ್ರಾಧಿಕಾರ ಆದೇಶ ಹೊರಡಿಸಿತು. ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿದೆಯೇ ನೋಡಿ ಕೊಳ್ಳಿ.

ಕೈ ಮೀರುವ ಮೊದಲು

ತಲೆನೋವು, ತಲೆ ತಿರುಗು, ಹೊಟ್ಟೆ ತೊಳಸು, ಕಾಲ ಮೀನಖಂಡ ಹಿಡಿಯುವುದು, ಕಾರಣವಿಲ್ಲದೆ ಸಿಡುಕು, ಇವು ಮೊದಲ ಮೆಟ್ಟಿಲು. ಇಲ್ಲಿಯೇ ನಿಲ್ಲಿಸಿ. ನೆರಳಿಗೆ ಕರೆತಂದು, ಬಟ್ಟೆ ಸಡಿಲಿಸಿ, ಮೈ ಒದ್ದೆ ಮಾಡಿ ಬೀಸಿ, ಗುಟುಕು ಗುಟುಕಾಗಿ ಓ.ಆರ್.ಎಸ್. ಕುಡಿಸಿ. ಅರ್ಧ ಮುಕ್ಕಾಲು ಗಂಟೆಯಲ್ಲಿ ಚೇತರಿಸಿಕೊಳ್ಳಬೇಕು. ಆದರೂ ಆ ದಿನದ ತಿರುಗಾಟ ಮುಗಿಯಿತು ಎಂದೇ ತಿಳಿಯಿರಿ. ಬಾಕಿ ಇರುವ ದೇವರು ಎಲ್ಲಿಗೂ ಹೋಗುವುದಿಲ್ಲ.

ಮಾತು ತೊದಲಿದರೆ, ಎಲ್ಲಿದ್ದೇನೆಂದು ತಿಳಿಯದಿದ್ದರೆ, ತೂರಾಡಿದರೆ, ಫಿಟ್ಸ್ ಬಂದರೆ, ಎಚ್ಚರ ತಪ್ಪಿದರೆ ಅದು ಉಷ್ಣಾಘಾತ. ಮೈಯ ಬಿಸಿ ೧೦೪ ಡಿಗ್ರಿ ದಾಟಿರಬಹುದು. ಬೆವರು ನಿಂತರೆ ಮಾತ್ರ ಉಷ್ಣಾಘಾತ ಎಂದು ನಾನೂ ನಂಬಿದ್ದೆ. ನಾದಿನಿಗೆ ಬೆವರು ಹರಿಯುತ್ತಲೇ ಇತ್ತು. ಬೆವರನ್ನು ನೋಡಬೇಡಿ, ಮಾತು ನೋಡಿ. ೧೦೮ಕ್ಕೆ ಫೋನು ಮಾಡಿ, ಗಾಡಿ ಬರುವ ತನಕ ಸುಮ್ಮನೆ ಕಾಯಬೇಡಿ. ನೀರು ಹೊಯ್ಯಿರಿ, ಬೀಸಿರಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಮಂಜುಗಡ್ಡೆಯನ್ನೋ ಒದ್ದೆ ಬಟ್ಟೆಯನ್ನೋ ಇಡಿ. ಸೀರೆ ಒದ್ದೆಯಾದೀತು, ಜನ ನೋಡಿಯಾರು ಎಂದು ಹಿಂದೆ ಮುಂದೆ ನೋಡುವ ಹೊತ್ತಲ್ಲ ಅದು. ಎಚ್ಚರ ಸರಿ ಇಲ್ಲದವರ ಬಾಯಿಗೆ ಮಾತ್ರ ನೀರು ಹಾಕಬಾರದು, ಶ್ವಾಸನಾಳಕ್ಕೆ ಇಳಿದೀತು. ಜ್ವರದ ಮಾತ್ರೆ ಈ ಬಿಸಿಗೆ ಕೆಲಸ ಮಾಡುವುದಿಲ್ಲ.

ನಿಲ್ಲಿಸಿದ ಕಾರಿನಲ್ಲಿ ಮಲಗಿದ ಮಗುವನ್ನು "ಎರಡೇ ನಿಮಿಷ" ಎಂದು ಬಿಟ್ಟು ಹೋಗುವವರನ್ನು ಕಂಡಿದ್ದೇನೆ. ಕಿಟಕಿ ಮುಚ್ಚಿದ ಕಾರಿನೊಳಗೆ ಹತ್ತು ನಿಮಿಷಕ್ಕೆ ಹತ್ತು ಡಿಗ್ರಿಯಷ್ಟು ಬಿಸಿ ಏರುತ್ತದೆ. ಮಗುವಿನ ಮೈ ದೊಡ್ಡವರಿಗಿಂತ ಬೇಗ ಕಾಯುತ್ತದೆ. ಎಬ್ಬಿಸಿ, ಅಳಲಿ, ಎತ್ತಿಕೊಂಡೇ ಹೋಗಿ.

ಸೆಕೆ ಎಂದು ಮಕ್ಕಳು ಹೊಳೆಗೆ ಹಾರುವ ವಿಷಯ ಬೇರೆಯೇ ಒಂದು ಲೇಖನವಾಗಬೇಕು. ಒಂದು ಮಾತು ಮಾತ್ರ ಹೇಳುತ್ತೇನೆ. ಬೇಸಿಗೆಯಲ್ಲಿ ನೇತ್ರಾವತಿ, ಫಲ್ಗುಣಿ ಎರಡೂ ಮೊಣಕಾಲುದ್ದ ಕಾಣುತ್ತವೆ, ಮುಂದಿನ ಹೆಜ್ಜೆಗೆ ಆಳುದ್ದದ ಗುಂಡಿ ಇರುತ್ತದೆ. ಊರವರು ಇಳಿಯುವ ಜಾಗದಲ್ಲಿ, ಊರವರನ್ನು ಕೇಳಿ, ದೊಡ್ಡವರು ಮೊದಲು ಇಳಿದು ನೋಡಿದ ಮೇಲೆ ಮಕ್ಕಳು.

ನಾದಿನಿ ಆ ರಾತ್ರಿ ಆಸ್ಪತ್ರೆಯಲ್ಲಿ ಉಳಿದು ಮರುದಿನ ಮನೆಗೆ ಬಂದಳು. ಧರ್ಮಸ್ಥಳಕ್ಕೆ ಹೋಗಲಿಲ್ಲವಲ್ಲ ಎಂದು ಅವಳಿಗೆ ವಾರವಿಡೀ ಬೇಸರ. ಮುಂದಿನ ವರ್ಷದ ರಜೆಯಲ್ಲಿ ಹೋದೆವು, ಬಂದ ನಾಲ್ಕನೆಯ ದಿನ. ದಾರಿಯಲ್ಲಿ ಗುರುವಾಯನಕೆರೆ ದಾಟಿ ಆ ಹಂಚಿನ ಮನೆಗೆ ಇಳಿದು ಅಜ್ಜಿಗೆ ಒಂದು ಸೀರೆ, ಮೈಸೂರು ಪಾಕು ಕೊಟ್ಟು ಬಂದಳು. ಅಜ್ಜಿಗೆ ಅವಳ ಗುರುತೇ ಹತ್ತಲಿಲ್ಲ! "ಬಿಸಿಲಿಗೆ ಬಂದಿದ್ದೀರಿ, ಮೊದಲು ಬೆಲ್ಲ ನೀರು ಕುಡಿಯಿರಿ" ಎಂದರು. ನಾದಿನಿ ಎರಡು ತಂಬಿಗೆ ಕುಡಿದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಅತ್ತಿಗೆ, ಇವರ ಮನೆ ಬಚ್ಚಲು ಎಲ್ಲಿ ಅಂತ ಕೇಳ್ತೀರಾ?" ಎಂದಳು. ನಾನು ಗಟ್ಟಿಯಾಗಿಯೇ ಕೇಳಿದೆ.